ಯಾರಿಗೆ, ಯಾವಾಗಿನಿಂದ, ಯಾರ ದುಡ್ಡಿನಲ್ಲಿ?

2023ರ ಮೇ 13ಕ್ಕೆ ಕರ್ನಾಟಕ ವಿಧಾನಸಭೆ ಚುನಾವಣೆಯ ಫಲಿತಾಂಶ ಬಂತು. ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಅದಾಗಿ ಕೆಲವೇ ದಿನಗಳಲ್ಲಿ ಚಿತ್ರದುರ್ಗ, ಕೊಪ್ಪಳದ ಕಡೆಯ ಹಳ್ಳಿಗಳಿಂದ ಒಂದೇ ಬಗೆಯ ಸುದ್ದಿ ಬರತೊಡಗಿತು. ಕರೆಂಟ್ ಬಿಲ್ ಕೊಡಲು ಮನೆಬಾಗಿಲಿಗೆ ಹೋದ ಮೀಟರ್ ರೀಡರ್‌ಗಳ ಜೊತೆ ಜನ ವಾದಕ್ಕೆ ನಿಲ್ಲುತ್ತಿದ್ದರು. ಕರೆಂಟ್ ಫ್ರೀ ಅಂತ ಹೇಳಿಯೇ ವೋಟು ಕೇಳಿದ್ದಾರೆ, ಇನ್ನು ನಾವೇಕೆ ಕಟ್ಟಬೇಕು ಎಂಬುದು ಅವರ ಪ್ರಶ್ನೆ. ಬಸ್ಸುಗಳಲ್ಲೂ ಅದೇ ಕಥೆ. ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾದದ್ದು ಜೂನ್ 11ಕ್ಕೆ. ಅದಕ್ಕೂ ಮೊದಲೇ ಟಿಕೆಟ್ ತೆಗೆದುಕೊಳ್ಳಲು ಒಪ್ಪದ ಹೆಂಗಸರಿಗೂ ಕಂಡಕ್ಟರ್‌ಗಳಿಗೂ ಜಟಾಪಟಿ ನಡೆಯಿತು.

ಆ ಜನರದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ತಾವು ಕೇಳಿಸಿಕೊಂಡದ್ದನ್ನು ಅವರು ನಂಬಿದರು, ಅಷ್ಟೆ. ಇನ್ನೂರು ಯೂನಿಟ್ ಉಚಿತ ಎಂದು ಹೇಳಿದ್ದು ನೂರಾರು ಸಭೆಗಳಲ್ಲಿ ಕೇಳಿಸಿತ್ತು. ಯಾವ ತಿಂಗಳ ಬಿಲ್ಲಿನಿಂದ ಎಂಬುದು ಮಾತ್ರ ಕೇಳಿಸಿರಲಿಲ್ಲ. ಆ ಒಂದು ವಿವರ ಬಿಟ್ಟುಹೋದದ್ದಕ್ಕೆ ಬೈಸಿಕೊಂಡವರು ವೇದಿಕೆಯ ಮೇಲೆ ನಿಂತು ಮಾತಾಡಿದವರಲ್ಲ. ತಿಂಗಳ ಸಂಬಳಕ್ಕೆ ದುಡಿಯುವ ಮೀಟರ್ ರೀಡರ್ ಮತ್ತು ಕಂಡಕ್ಟರ್ ಬೈಸಿಕೊಂಡರು.

ಚುನಾವಣೆಯಲ್ಲಿ ವೋಟು ಕೇಳಲು ಬಂದವರು ತಮ್ಮ ಯೋಜನೆಗಳ ವಿವರವನ್ನು ಎಷ್ಟರ ಮಟ್ಟಿಗೆ ಹೇಳಬೇಕು ಎಂಬುದು ಹಳೆಯ ಚರ್ಚೆ. ಪ್ರಚಾರದ ತಂತ್ರ ಹೆಣೆಯುವವರು, ಕಡಿಮೆ ಹೇಳಿದಷ್ಟೂ ಕ್ಷೇಮ ಎನ್ನುತ್ತಾರೆ. ಹೇಳಿದ ಪ್ರತಿ ವಿವರದಿಂದಲೂ ಒಬ್ಬ ಹೊಸ ವಿರೋಧಿ ಹುಟ್ಟುತ್ತಾನೆ ಎಂಬುದು ಅವರ ಅನುಭವ. ಓದಿದ ಜನ ಇದಕ್ಕೆ ಎದುರಾಗಿ, ಪ್ರಣಾಳಿಕೆ ದಪ್ಪಗಿರಬೇಕು, ಪ್ರತಿಯೊಂದನ್ನೂ ಬಿಡಿಸಿ ಬರೆಯಬೇಕು ಎನ್ನುತ್ತಾರೆ. ಇವೆರಡೂ ಪ್ರಶ್ನೆಯನ್ನು ತಪ್ಪು ಕಡೆಯಿಂದ ಹಿಡಿದಿವೆ ಎಂಬುದು ನನ್ನ ಅನಿಸಿಕೆ. ವಿವರ ಎಷ್ಟು ಎಂಬುದಕ್ಕಿಂತ ಯಾವ ವಿವರ ಎಂಬುದು ದೊಡ್ಡ ಮಾತು. ಸೌಲಭ್ಯ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ, ಯಾವಾಗಿನಿಂದ, ಅದಕ್ಕೆ ದುಡ್ಡು ಯಾರ ಕಿಸೆಯಿಂದ ಬರುತ್ತದೆ ಎಂಬುದನ್ನು ವೋಟು ಹಾಕುವ ಮೊದಲೇ ತಿಳಿಯುವ ಹಕ್ಕು ಮತದಾರರಿಗಿದೆ. ಅರ್ಜಿಯ ನಮೂನೆ, ಜಾಲತಾಣ, ಇಲಾಖೆಗಳ ಹೊಂದಾಣಿಕೆ ಇವೆಲ್ಲ ಆಮೇಲೆ ಅಧಿಕಾರಿಗಳು ಮಾಡಿಕೊಳ್ಳುವ ಕೆಲಸ.

ಕರ್ನಾಟಕದ ಐದು ಗ್ಯಾರಂಟಿಗಳಿಗೆ ಒಂದು ದೊಡ್ಡ ಗುಣವಿತ್ತು, ಅದನ್ನು ಮೊದಲು ಹೇಳಬೇಕು. ಅವು ಚಿಕ್ಕವಾಗಿದ್ದವು, ಎಣಿಸಲು ಬರುವಂತಿದ್ದವು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್ ವಿದ್ಯುತ್, 10 ಕಿಲೋ ಅಕ್ಕಿ, ನಿರುದ್ಯೋಗಿ ಪದವೀಧರರಿಗೆ 3,000 ಮತ್ತು ಡಿಪ್ಲೊಮಾ ಮುಗಿಸಿದವರಿಗೆ 1,500, ಹೆಂಗಸರಿಗೆ ಬಸ್ ಪ್ರಯಾಣ. ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಅವರ ಸಹಿ ಇದ್ದ ಗ್ಯಾರಂಟಿ ಕಾರ್ಡ್ ಮನೆಮನೆಗೆ ಹೋಯಿತು. ‘ಮಹಿಳಾ ಸಬಲೀಕರಣಕ್ಕೆ ಬದ್ಧ’ ಎಂಬ ಸಾಲು ಎಷ್ಟೋ ಪ್ರಣಾಳಿಕೆಗಳಲ್ಲಿ ಬಂದು ಹೋಗಿದೆ. ಅದು ಈಡೇರಿತೋ ಇಲ್ಲವೋ ಎಂದು ಯಾವ ಹೆಂಗಸೂ ಯಾರನ್ನೂ ಹಿಡಿದು ಕೇಳಲಾರಳು. ಎರಡು ಸಾವಿರ ಎಂದರೆ ಕೇಳಬಲ್ಲಳು. ಕಂತು ತಡವಾದಾಗಲೆಲ್ಲ ಬ್ಯಾಂಕಿನ ಮುಂದೆ, ಟಿ.ವಿ. ಮೈಕಿನ ಮುಂದೆ ಹೆಂಗಸರು ಲೆಕ್ಕ ಕೇಳಿದ್ದು ಆ ಮೊತ್ತ ಅಷ್ಟು ಸ್ಪಷ್ಟವಾಗಿದ್ದುದರಿಂದಲೇ.

ಈ ಐದೂ ಒಂದೇ ದಿನ ಬಂದವಲ್ಲ. ವಿದ್ಯುತ್ತಿನ ಮಾತು ಜನವರಿಯಲ್ಲಿ ಚಿಕ್ಕೋಡಿಯಲ್ಲಿ ಬಂತು, ಯಜಮಾನಿಯ ಮಾತು ಅದೇ ತಿಂಗಳು ಬೆಂಗಳೂರಿನ ಅರಮನೆ ಮೈದಾನದಲ್ಲಿ. ಯುವಕರದ್ದು ಮಾರ್ಚ್‌ನಲ್ಲಿ ಬೆಳಗಾವಿಯಲ್ಲಿ, ಬಸ್ಸಿನದ್ದು ಏಪ್ರಿಲ್ ಕೊನೆಗೆ ಮಂಗಳೂರಿನಲ್ಲಿ. ಪೂರ್ಣ ಪ್ರಣಾಳಿಕೆ ಹೊರಬಂದದ್ದು ಮೇ 2ಕ್ಕೆ. ಮತದಾನ ಮೇ 10ಕ್ಕೆ. ಬಿಜೆಪಿಯ ಪ್ರಣಾಳಿಕೆ ಕಾಂಗ್ರೆಸ್ಸಿನದಕ್ಕಿಂತ ಒಂದು ದಿನ ಮೊದಲಷ್ಟೇ ಬಂದಿತ್ತು. ಬಡ ಕುಟುಂಬಗಳಿಗೆ ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗೆ ಒಂದೊಂದು ಅಡುಗೆ ಅನಿಲ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಎಂದು ಅದರಲ್ಲಿತ್ತು. ಯಾರಿಗೆ, ಯಾವ ಹಬ್ಬಕ್ಕೆ ಎಂಬುದನ್ನು ಹೇಳಿದ್ದರು. ಹಣದ ಮೂಲವನ್ನು ಜನರ ಮುಂದೆ ಬಿಡಿಸಿಟ್ಟದ್ದು ಎರಡೂ ಕಡೆ ಕಾಣಲಿಲ್ಲ. ಮತದಾನಕ್ಕೆ ಎಂಟೊಂಬತ್ತು ದಿನ ಇರುವಾಗ ಕೈಗೆ ಬಂದ ಪ್ರಣಾಳಿಕೆಯನ್ನು ಓದಿ, ಚರ್ಚಿಸಿ, ಪ್ರಶ್ನೆ ಕೇಳಲು ಯಾರಿಗೆ ಪುರಸೊತ್ತು?

ಈಗ ಆದೇಶಗಳಿಗೆ ಬರೋಣ. ಉಚಿತ ವಿದ್ಯುತ್ತಿನ ಗೃಹಜ್ಯೋತಿಯ ಆದೇಶ ಬಂದಾಗ ಒಂದು ಲೆಕ್ಕ ಜೊತೆಗೆ ಬಂತು. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿ, ಅಷ್ಟು ಮಾತ್ರ ಉಚಿತ. ಸರಾಸರಿ 80 ಯೂನಿಟ್ ಉರಿಸಿದ ಮನೆಗೆ 88 ಯೂನಿಟ್ ಉಚಿತ. 120 ಬಳಸಿದರೆ ಉಳಿದ 32ಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈ ನಿಯಮ ಕೆಟ್ಟದ್ದೇನಲ್ಲ. ಉಚಿತ ಎಂದು ರಾತ್ರಿಯಿಡೀ ದೀಪ ಉರಿಸದಂತೆ ಕಟ್ಟಿದ ಒಡ್ಡು ಅದು, ಬುದ್ಧಿವಂತಿಕೆಯ ಕೆಲಸ. ಆದರೆ ಇನ್ನೂರು ಯೂನಿಟ್ ಎಂದು ಕೇಳಿಸಿಕೊಂಡವರಲ್ಲಿ ಬಡವರನ್ನೇ ಇದು ಹೆಚ್ಚು ನೋಯಿಸಿತು. ಒಂದು ಫ್ಯಾನು, ಎರಡು ಬಲ್ಬಿನ ಮನೆಗೆ ಸಿಕ್ಕಿದ್ದು ಅದರ ಹಳೆಯ ಬಡತನದ ಮೇಲೆ ಶೇ 10. ತಿಂಗಳಿಗೆ 180 ಯೂನಿಟ್ ಉರಿಸುತ್ತಿದ್ದ ಮನೆಗೆ ಹೆಚ್ಚುಕಡಿಮೆ ಪೂರಾ ಇನ್ನೂರು ಸಿಕ್ಕಿತು. ಬಾಡಿಗೆ ಮನೆಯವರಿಗೆ ಉಂಟೋ ಇಲ್ಲವೋ ಎಂಬ ಗೊಂದಲ ಬಗೆಹರಿದದ್ದೂ ಜೂನ್ ತಿಂಗಳಲ್ಲಿ. ಇದೇ ಹೊತ್ತಿಗೆ ವಿದ್ಯುತ್ ದರವೂ ಏರಿತ್ತು. ಉಚಿತ ಕರೆಂಟಿಗೆ ಕಾಯುತ್ತಿದ್ದವರ ಕೈಗೆ ಆ ತಿಂಗಳು ದಪ್ಪ ಬಿಲ್ ಬಂತು.

ಗೃಹಲಕ್ಷ್ಮಿಯದು ಇನ್ನೂ ಸೂಕ್ಷ್ಮ. ಮನೆಯ ಯಜಮಾನಿ ಎಂದರೆ ಯಾರು? ಅತ್ತೆಯೋ ಸೊಸೆಯೋ? ಜೂನ್ ತಿಂಗಳಿಡೀ ರಾಜ್ಯ ಇದನ್ನು ಚರ್ಚಿಸಿತು. ಕೊನೆಗೆ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೆ ಎಂದು ತೀರ್ಮಾನವಾಯಿತು. ಆದಾಯ ತೆರಿಗೆ ಕಟ್ಟುವ, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಮನೆಯವರಿಗೆ ಇಲ್ಲ ಎಂದಾಯಿತು. ಕಾರ್ಡಿನಲ್ಲಿ ಹೆಸರು ತಿದ್ದಿಸಲು, ಕಾರ್ಡ್ ಬೇರೆ ಮಾಡಿಸಲು ಕಚೇರಿಗಳ ಮುಂದೆ ಜನ ಸಾಲುಗಟ್ಟಿದರು. ಒಂದೇ ಅಡುಗೆಮನೆಯ ಇಬ್ಬರು ಹೆಂಗಸರ ನಡುವೆ ಹಣದ ಪ್ರಶ್ನೆ ಎದ್ದಾಗ ಆಗುವ ಮನಸ್ತಾಪವನ್ನು ಯಾವ ಆದೇಶವೂ ಸರಿಮಾಡುವುದಿಲ್ಲ. ರೇಷನ್ ಕಾರ್ಡಿನ ಪ್ರಕಾರ ಎಂಬ ಎರಡು ಮಾತನ್ನು ಅರಮನೆ ಮೈದಾನದಲ್ಲೇ ಹೇಳಿದ್ದರೆ ಒಂದು ವೋಟೂ ಕಡಿಮೆಯಾಗುತ್ತಿರಲಿಲ್ಲ.

ಯುವನಿಧಿ 2022-23ರಲ್ಲಿ ಪಾಸಾಗಿ, ಆರು ತಿಂಗಳಾದರೂ ಕೆಲಸ ಸಿಗದವರಿಂದ ಶುರುವಾಯಿತು. ಕೋವಿಡ್ ವರ್ಷಗಳಲ್ಲಿ ಪದವಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದವರು ಹೊರಗುಳಿದರು. ನಿರುದ್ಯೋಗಿ ಪದವೀಧರ ಎಂಬ ಮಾತು ತಮಗೂ ಸೇರಿದ್ದು ಎಂದುಕೊಂಡಿದ್ದವರು ಅವರು.

ಅಕ್ಕಿಯ ವಿಷಯ ಮಾತ್ರ ಬೇರೆ, ಅಲ್ಲಿ ತಕ್ಕಡಿಯನ್ನು ಸ್ವಲ್ಪ ನಿಧಾನವಾಗಿ ತೂಗಬೇಕು. 10 ಕಿಲೋದಲ್ಲಿ 5 ಕಿಲೋ ಕೇಂದ್ರದ ಆಹಾರ ಭದ್ರತಾ ಕಾಯ್ದೆಯಡಿ ಬರುತ್ತದೆ, ಉಳಿದ 5 ಕಿಲೋ ರಾಜ್ಯ ಕೊಳ್ಳಬೇಕಿತ್ತು. ಭಾರತೀಯ ಆಹಾರ ನಿಗಮದಿಂದ ಕೊಳ್ಳಬಹುದು ಎಂಬ ಎಣಿಕೆ ಇತ್ತು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನೇ ನಿಲ್ಲಿಸಿತು. ಬೇರೆ ರಾಜ್ಯಗಳಲ್ಲಿ ವಿಚಾರಿಸಿದರೂ ಬೇಕಾದಷ್ಟು, ಬೇಕಾದ ಬೆಲೆಗೆ ಸಿಗಲಿಲ್ಲ. ಕೊನೆಗೆ ಕಿಲೋಗೆ 34 ರೂಪಾಯಿಯಂತೆ 5 ಕಿಲೋಗೆ 170 ರೂಪಾಯಿಯನ್ನು ಪ್ರತಿ ಫಲಾನುಭವಿಯ ಲೆಕ್ಕದಲ್ಲಿ ಖಾತೆಗೆ ಹಾಕಬೇಕಾಯಿತು. 2025ರವರೆಗೂ ಅದೇ ನಡೆಯಿತು. ಜನವರಿಯಲ್ಲೋ ಫೆಬ್ರುವರಿಯಲ್ಲೋ ಭಾಷಣ ಮಾಡಿದವರಿಗೆ ಜೂನ್‌ನ ಈ ತೀರ್ಮಾನ ಗೊತ್ತಿರಲು ಸಾಧ್ಯವಿಲ್ಲ. ಮುಂದೆ ನಡೆಯುವುದನ್ನೆಲ್ಲ ಹೇಳಿ ಎಂದು ಯಾರನ್ನೂ ಕೇಳಲಾಗದು. ಆದರೂ ಅಕ್ಕಿ ನಮ್ಮ ಕೈಯಲ್ಲಿಲ್ಲ, ಬೇರೆಯವರಿಂದ ಕೊಳ್ಳಬೇಕು, ಸಿಗದಿದ್ದರೆ ಅದರ ಬೆಲೆ ಕೊಡುತ್ತೇವೆ ಎಂದು ಹೇಳಲು ಬರುತ್ತಿತ್ತು. ಬೇರೆ ಸರ್ಕಾರದ ಒಪ್ಪಿಗೆ ಬೇಕಾಗುವ ಭರವಸೆಯಲ್ಲಿ ಆ ಸಂಗತಿಯನ್ನು ಮುಚ್ಚಿಡಬಾರದು.

ಇನ್ನು ದುಡ್ಡು. ಗೃಹಲಕ್ಷ್ಮಿಯ ಲೆಕ್ಕಕ್ಕೆ ಅರ್ಥಶಾಸ್ತ್ರಜ್ಞರೇ ಬೇಕೆಂದಿಲ್ಲ. ತಿಂಗಳಿಗೆ 2,000 ಎಂದರೆ ವರ್ಷಕ್ಕೆ 24,000. ಒಂದು ಕೋಟಿ ಹೆಂಗಸರಿಗೆ 24,000 ಕೋಟಿ ರೂಪಾಯಿ. ರೇಷನ್ ಕಾರ್ಡುಗಳು ಕೋಟಿಗೂ ಮೀರಿವೆ ಎಂಬುದು ಇಲಾಖೆಯ ಬಳಿ ಇರುವ ಮಾಹಿತಿ. 2024-25ರ ಬಜೆಟ್‌ನಲ್ಲಿ ಈ ಒಂದೇ ಯೋಜನೆಗೆ 28,608 ಕೋಟಿ ಇಟ್ಟರು. ಐದೂ ಸೇರಿ ವರ್ಷಕ್ಕೆ ಸುಮಾರು 52,000 ಕೋಟಿ ಬೇಕೆಂದು ಸಿದ್ದರಾಮಯ್ಯನವರು 2023ರ ಜುಲೈ ಬಜೆಟ್‌ನಲ್ಲಿ ಹೇಳಿದರು. ಆ ಬಜೆಟ್‌ನ ಒಟ್ಟು ಗಾತ್ರ 3.27 ಲಕ್ಷ ಕೋಟಿ. ಆರು ರೂಪಾಯಿಯಲ್ಲಿ ಹೆಚ್ಚುಕಡಿಮೆ ಒಂದು ರೂಪಾಯಿ ಈ ಐದಕ್ಕೇ ಎಂದಾಯಿತು. ಹಾಗೆ ಖರ್ಚು ಮಾಡುವುದು ಸರಿಯೋ ತಪ್ಪೋ ಎಂಬ ವಾದ ಬೇರೆ. ಬಡ ಹೆಂಗಸಿನ ಕೈಗೆ ಬಂದ ಎರಡು ಸಾವಿರ ಮಗುವಿನ ಫೀಸಾಗಿ, ಔಷಧಿಯಾಗಿ ಖರ್ಚಾಗುತ್ತದೆ, ನಾನು ಅದನ್ನು ಬಿಟ್ಟಿ ಎಂದು ಕರೆಯುವವರ ಪೈಕಿ ಅಲ್ಲ. ಆದರೆ ಆರರಲ್ಲಿ ಒಂದು ಎಂಬ ಲೆಕ್ಕ ಮತದಾನದ ಮೊದಲು ಬರಬೇಕಿತ್ತು.

ಮತ್ತೆ ಆ ದುಡ್ಡು ಎಲ್ಲೆಲ್ಲಿಂದ ಬಂತು? 2024ರ ಜೂನ್‌ನಲ್ಲಿ ಪೆಟ್ರೋಲ್ ಲೀಟರಿಗೆ ಸುಮಾರು 3 ರೂಪಾಯಿ, ಡೀಸೆಲ್ ಸುಮಾರು ಮೂರೂವರೆ ರೂಪಾಯಿ ಏರಿತು. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಇವೆಲ್ಲ ಕಣ್ಣಿಗೆ ಕಾಣುವಂಥವು. ಅಷ್ಟು ಸುಲಭವಾಗಿ ಕಾಣದ ಒಂದಿದೆ, ನನ್ನನ್ನು ಹೆಚ್ಚು ಕಾಡುವುದು ಅದೇ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಜನಸಂಖ್ಯೆಗೆ ತಕ್ಕಷ್ಟು ಹಣವನ್ನು ಅವರ ಅಭಿವೃದ್ಧಿಗೇ ಮೀಸಲಿಡಬೇಕು ಎಂದು ಕರ್ನಾಟಕ 2013ರಲ್ಲಿ ಕಾಯ್ದೆ ಮಾಡಿತ್ತು. ಆ ಕಾಯ್ದೆ ತಂದದ್ದೂ ಸಿದ್ದರಾಮಯ್ಯನವರ ಸರ್ಕಾರವೇ. 2023-24ರಲ್ಲಿ ಆ ಮೀಸಲು ಹಣದಲ್ಲಿ ಹನ್ನೊಂದು ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳ ಲೆಕ್ಕಕ್ಕೆ ಹೋಯಿತು, ಮರುವರ್ಷ ಅದಕ್ಕಿಂತಲೂ ಹೆಚ್ಚು. ಗ್ಯಾರಂಟಿ ಪಡೆಯುವವರಲ್ಲಿ ಪರಿಶಿಷ್ಟರೂ ಇದ್ದಾರೆ, ಅವರ ಪಾಲಿನಷ್ಟನ್ನೇ ತೆಗೆದುಕೊಂಡಿದ್ದೇವೆ ಎಂಬುದು ಸರ್ಕಾರದ ಸಮರ್ಥನೆ. ದಲಿತ ಸಂಘಟನೆಗಳು ಇದನ್ನು ಒಪ್ಪಲಿಲ್ಲ. ಎಲ್ಲ ಹೆಂಗಸರಿಗೂ ಸಿಗುವ ಎರಡು ಸಾವಿರ ದಲಿತ ಹೆಂಗಸಿಗೆ ಮಾತ್ರ ಅವಳ ಸಮುದಾಯದ ಹಾಸ್ಟೆಲ್, ಭೂಮಿ, ಕೊಳವೆಬಾವಿಗಳಿಗೆಂದು ಎತ್ತಿಟ್ಟ ಹಣದಿಂದ ಬರುವುದಾದರೆ ಅವಳಿಗೆ ಹೊಸದಾಗಿ ಸಿಕ್ಕಿದ್ದೇನು? ಈ ಪ್ರಶ್ನೆಗೆ ಸರ್ಕಾರದ ಬಳಿ ಉತ್ತರವಿರಬಹುದು. ಆದರೆ ಹೀಗೆ ಮಾಡುತ್ತೇವೆ ಎಂದು ಗ್ಯಾರಂಟಿ ಕಾರ್ಡಿನ ಹಿಂಬದಿಯಲ್ಲಿ ಬರೆದಿದ್ದರೆ ಆ ಹೆಂಗಸು ಮೇ 10ಕ್ಕೆ ಯೋಚಿಸಿ ಮತ ಹಾಕುತ್ತಿದ್ದಳು. ಅವಳಿಗೆ ಆ ಅವಕಾಶವೇ ಸಿಗಲಿಲ್ಲ.

ಇದು ಒಂದು ಪಕ್ಷದ ಚಾಳಿಯಲ್ಲ. 2018ರಲ್ಲಿ ಜೆಡಿಎಸ್, ಅಧಿಕಾರಕ್ಕೆ ಬಂದ 24 ಗಂಟೆಯಲ್ಲಿ ರೈತರ ಸಾಲ ಮನ್ನಾ ಎಂದಿತು. ಅದರಲ್ಲಿ ವಿವರವಿತ್ತು, ಗಂಟೆಯ ಲೆಕ್ಕದಲ್ಲೇ ಇತ್ತು. ಆದರೆ ರಾಷ್ಟ್ರೀಕೃತ ಬ್ಯಾಂಕಿನ ಸಾಲವನ್ನು ರಾಜ್ಯ ಸರ್ಕಾರ ಅಳಿಸಲು ಬರುವುದಿಲ್ಲ, ರೈತನ ಪರವಾಗಿ ಬ್ಯಾಂಕಿಗೆ ತಾನು ಕಟ್ಟಬೇಕು. 37 ಸ್ಥಾನ ಗೆದ್ದು, ಕಾಂಗ್ರೆಸ್ ಜೊತೆ ಸೇರಿ ಮುಖ್ಯಮಂತ್ರಿಯಾದ ಎಚ್.ಡಿ. ಕುಮಾರಸ್ವಾಮಿ ಜುಲೈ 5ರ ಬಜೆಟ್‌ನಲ್ಲಿ 34,000 ಕೋಟಿಯ ಮನ್ನಾ ಘೋಷಿಸಿದರು. ಒಂದು ಕುಟುಂಬಕ್ಕೆ 2 ಲಕ್ಷದ ಮಿತಿ, 2017ರ ಡಿಸೆಂಬರ್ 31ರವರೆಗಿನ ಸುಸ್ತಿ ಬೆಳೆಸಾಲಕ್ಕೆ ಮಾತ್ರ. ಅದೇ ಬಜೆಟ್‌ನಲ್ಲಿ ಪೆಟ್ರೋಲ್ ತೆರಿಗೆ ಶೇ 30ರಿಂದ 32ಕ್ಕೆ ಏರಿತು, ಡೀಸೆಲ್ಲಿನದು ಶೇ 19ರಿಂದ 21ಕ್ಕೆ. ಹೊಟ್ಟೆಬಟ್ಟೆ ಕಟ್ಟಿ ಕಂತು ತೀರಿಸಿದ್ದ ಪ್ರಾಮಾಣಿಕ ರೈತ ತಾನೇನು ತಪ್ಪು ಮಾಡಿದೆ ಎಂದು ಕೇಳಿದ. ಅವನಿಗೂ ಏನಾದರೂ ಕೊಡುವ ಮಾತು ಆ ಬಜೆಟ್‌ನಲ್ಲಿ ಬಂತು.

ವಿವರ ಕೊಡದೆ ಇರುವುದಕ್ಕೆ ಪಕ್ಷಗಳಿಗೆ ಕಾರಣವೇ ಇಲ್ಲ ಎಂದಲ್ಲ. ಆಸ್ಟ್ರೇಲಿಯಾದ 1993ರ ಚುನಾವಣೆಯ ಕಥೆಯನ್ನು ಪ್ರಪಂಚದ ಪ್ರಚಾರ ತಂತ್ರಜ್ಞರೆಲ್ಲ ಇಂದಿಗೂ ನೆನೆಯುತ್ತಾರೆ. ಅಲ್ಲಿನ ಲಿಬರಲ್ ಪಕ್ಷದ ನಾಯಕ ಜಾನ್ ಹ್ಯೂಸನ್ ಮೂಲತಃ ಅರ್ಥಶಾಸ್ತ್ರದ ಪ್ರಾಧ್ಯಾಪಕ. 1991ರ ನವೆಂಬರ್‌ನಲ್ಲಿ ‘ಫೈಟ್‌ಬ್ಯಾಕ್’ ಎಂಬ ಹೆಸರಿನಲ್ಲಿ 650 ಪುಟಕ್ಕೂ ಮಿಗಿಲಾದ ಕಾರ್ಯಕ್ರಮವನ್ನು ಜನರ ಮುಂದಿಟ್ಟರು. ಶೇ 15ರ ಜಿಎಸ್‌ಟಿ ಹಾಕುತ್ತೇವೆ, ಆದಾಯ ತೆರಿಗೆ ಇಳಿಸುತ್ತೇವೆ ಎಂದು ಲೆಕ್ಕಸಮೇತ ಹೇಳಿದರು. ದೇಶ ಆರ್ಥಿಕ ಹಿಂಜರಿತದಲ್ಲಿತ್ತು, ಆಳುವ ಲೇಬರ್ ಪಕ್ಷ ದಣಿದಿತ್ತು, ಹ್ಯೂಸನ್ ಸೋಲುವುದು ಅಸಾಧ್ಯ ಎಂದೇ ಎಲ್ಲರ ಮಾತು. ಪ್ರಧಾನಿ ಪಾಲ್ ಕೀಟಿಂಗ್ ಒಂದು ವರ್ಷಕ್ಕೂ ಹೆಚ್ಚು ಕಾಲ ಆ 650 ಪುಟಗಳನ್ನೇ ಹಿಡಿದು ಹೊಡೆದರು. ಟೀಕೆಗೆ ಮಣಿದು ಹ್ಯೂಸನ್ ಆಹಾರಕ್ಕೆ ವಿನಾಯಿತಿ ಕೊಟ್ಟರು. ಅಲ್ಲಿಗೆ ತೊಡಕು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಪೊಟ್ಟಣದ ಮೊಸರಿಗೆ ತೆರಿಗೆ, ಬಿಡಿ ಮೊಸರಿಗೆ ಇಲ್ಲ ಎಂಬ 2022ರ ನಿಯಮವನ್ನು ಕಂಡಿರುವ ನಮಗೆ ಆ ತೊಡಕು ಅರ್ಥವಾಗುತ್ತದೆ.

ಮತದಾನಕ್ಕೆ ಹತ್ತು ದಿನ ಇದ್ದಾಗ ಮೈಕ್ ವಿಲೆಸೀ ಎಂಬ ಪತ್ರಕರ್ತ ಟಿ.ವಿ. ಸಂದರ್ಶನದಲ್ಲಿ ಸರಳ ಪ್ರಶ್ನೆಯೊಂದನ್ನು ಕೇಳಿದರು. ಅಂಗಡಿಯಲ್ಲಿ ಹುಟ್ಟುಹಬ್ಬದ ಕೇಕ್ ಕೊಂಡರೆ ನಿಮ್ಮ ತೆರಿಗೆ ಬಂದ ಮೇಲೆ ಅದರ ಬೆಲೆ ಏರುತ್ತದೆಯೋ ಇಳಿಯುತ್ತದೆಯೋ? ಹ್ಯೂಸನ್, ಅದು ಎಂಥ ಕೇಕ್, ಮೇಲೆ ಅಲಂಕಾರ ಇದೆಯೇ, ಮೇಣದಬತ್ತಿ ಇದೆಯೇ ಎಂದು ಬಿಡಿಸಿ ಬಿಡಿಸಿ ಹೇಳುತ್ತಾ ಹೋದರು. ಸ್ಪಷ್ಟ ಉತ್ತರ ಮಾತ್ರ ಬರಲಿಲ್ಲ. ಮಾರ್ಚ್ 13ಕ್ಕೆ ಅವರು ಸೋತರು, ಕೀಟಿಂಗ್ ಬಹುಮತ ಹೆಚ್ಚಿಸಿಕೊಂಡು ಗೆದ್ದರು.

ಮುಂದೆ ಲಿಬರಲ್ ಪಕ್ಷದ ನಾಯಕರಾದ ಜಾನ್ ಹೋವರ್ಡ್ 1995ರಲ್ಲಿ, ಜಿಎಸ್‌ಟಿ ಎಂದೆಂದಿಗೂ ಇಲ್ಲ ಎಂದು ಹೇಳಿ 1996ರಲ್ಲಿ ಭರ್ಜರಿಯಾಗಿ ಗೆದ್ದರು. ಕಡಿಮೆ ಹೇಳಿ ಗೆಲ್ಲಿ ಎಂಬ ಪಾಠ ಎಲ್ಲ ಪಕ್ಷಗಳಿಗೂ ಅಲ್ಲಿಂದ ಸಿಕ್ಕಿತು. 2019ರಲ್ಲಿ ಲೇಬರ್ ಪಕ್ಷದ ಬಿಲ್ ಶಾರ್ಟನ್ ಮತ್ತೆ ಉದ್ದನೆಯ ತೆರಿಗೆ ಬದಲಾವಣೆಗಳ ಪಟ್ಟಿ ಹಿಡಿದು ಹೋಗಿ ಸೋತರು. 2022ರಲ್ಲಿ ಅದೇ ಪಕ್ಷದ ಆಂಟನಿ ಆಲ್ಬನೀಸ್ ತುಟಿ ಬಿಗಿಹಿಡಿದು ಗೆದ್ದರು. ಆದರೆ ಈ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಭಾಗವಿದೆ. ಹೋವರ್ಡ್ ಮನಸ್ಸು ಬದಲಾಯಿಸಿ ಜಿಎಸ್‌ಟಿ ತರಬೇಕೆಂದುಕೊಂಡಾಗ ಅದನ್ನು ಗುಟ್ಟಾಗಿ ತರಲಿಲ್ಲ. ಶೇ 10, ಬದಲಿಗೆ ಇಂತಿಂಥ ತೆರಿಗೆ ರದ್ದು ಎಂದು ಹೇಳಿ 1998ರ ಚುನಾವಣೆಗೆ ಹೋದರು. ಮತ ಕಡಿಮೆಯಾಯಿತು, ಸ್ಥಾನಗಳು ಕಡಿಮೆಯಾದವು, ಆದರೂ ಗೆದ್ದರು. 2000ದ ಜುಲೈ 1ಕ್ಕೆ ತೆರಿಗೆ ಜಾರಿಗೆ ಬಂತು, ಇಂದಿಗೂ ಇದೆ. ಹ್ಯೂಸನ್ ಸೋತದ್ದು ಸತ್ಯ ಹೇಳಿದ್ದಕ್ಕೆ ಎಂದು ನಾನು ಒಪ್ಪುವುದಿಲ್ಲ. 650 ಪುಟ ಬರೆದವರಿಗೆ ಒಂದು ಮನೆಯ ಒಂದು ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ. ಪುಟಗಳ ನಡುವೆ ಆ ಮನೆ ಕಳೆದುಹೋಗಿತ್ತು.

ನೆದರ್‌ಲ್ಯಾಂಡ್ಸ್‌ನಲ್ಲಿ 1986ರಿಂದ ಒಂದು ಪದ್ಧತಿ ಇದೆ. ಸಿಪಿಬಿ ಎಂಬ ಸರ್ಕಾರಿ ಆರ್ಥಿಕ ಸಂಸ್ಥೆ, ಚುನಾವಣೆಗೆ ಮೊದಲು ಪಕ್ಷಗಳ ಪ್ರಣಾಳಿಕೆಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆದು, ಖರ್ಚೆಷ್ಟು, ಸಾಲ ಎಷ್ಟು ಏರುತ್ತದೆ, ಯಾವ ವರ್ಗದವರ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂದು ಪ್ರಕಟಿಸುತ್ತದೆ. ಕಡ್ಡಾಯವೇನಿಲ್ಲ. 2023ರಲ್ಲಿ ಖೇರ್ಟ್ ವಿಲ್ಡರ್ಸ್ ಅವರ ಪಕ್ಷ ತನ್ನ ಲೆಕ್ಕ ಒಪ್ಪಿಸದೆಯೇ 150ರಲ್ಲಿ 37 ಸ್ಥಾನ ಗೆದ್ದು ಮೊದಲ ಸ್ಥಾನಕ್ಕೆ ಬಂತು. ಲೆಕ್ಕ ಕೊಟ್ಟವರೇ ಗೆಲ್ಲುತ್ತಾರೆ ಎಂಬ ಖಾತ್ರಿ ಎಲ್ಲಿಯೂ ಇಲ್ಲ. ಆದರೂ ಲೆಕ್ಕ ನೋಡಿ ಮತ ಹಾಕಬೇಕೆಂದಿರುವವರಿಗೆ ಅಲ್ಲಿ ಲೆಕ್ಕ ಸಿಗುತ್ತದೆ.

ನಮ್ಮಲ್ಲಿ ಏನಿದೆ? ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ, ಪ್ರಣಾಳಿಕೆಯ ಭರವಸೆ ಜನಪ್ರಾತಿನಿಧ್ಯ ಕಾಯ್ದೆಯಡಿ ಭ್ರಷ್ಟ ನಡವಳಿಕೆ ಆಗುವುದಿಲ್ಲ ಎಂದು ಹೇಳಿ, ಮಾರ್ಗಸೂಚಿ ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು. ಅದರಂತೆ ಮಾದರಿ ನೀತಿ ಸಂಹಿತೆಗೆ ಪ್ರಣಾಳಿಕೆಯ ಅಧ್ಯಾಯ ಸೇರಿತು. ಭರವಸೆಗೆ ಸಕಾರಣ ಇರಬೇಕು, ಹಣ ಹೊಂದಿಸುವ ದಾರಿಯನ್ನು ಸ್ಥೂಲವಾಗಿಯಾದರೂ ತಿಳಿಸಬೇಕು ಎಂದು ಅದು ಹೇಳುತ್ತದೆ. ಸ್ಥೂಲವಾಗಿ ಎಂಬ ಆ ಸಂದಿಯಲ್ಲಿ ಎಲ್ಲರೂ ನುಸುಳಿಕೊಂಡರು. 2022ರ ಅಕ್ಟೋಬರ್‌ನಲ್ಲಿ ಆಯೋಗ ಒಂದು ನಮೂನೆ ತಯಾರಿಸಿ, ಎಷ್ಟು ಜನರಿಗೆ, ಎಷ್ಟು ಖರ್ಚು, ತೆರಿಗೆಯಿಂದಲೋ ಸಾಲದಿಂದಲೋ ಬೇರೆ ಖರ್ಚು ಕಡಿದೋ ಎಂಬುದನ್ನು ಪಕ್ಷಗಳು ತುಂಬಿ ಕೊಡಬೇಕು ಎಂಬ ಪ್ರಸ್ತಾವ ಕಳಿಸಿತು. ಕಾಂಗ್ರೆಸ್ ಸೇರಿದಂತೆ ಹಲವು ಪಕ್ಷಗಳು, ಇದು ಆಯೋಗದ ಕೆಲಸವಲ್ಲ ಎಂದು ವಿರೋಧಿಸಿದವು. ಎರಡು ವರ್ಷದ ನಂತರ, 2024ರ ಅಕ್ಟೋಬರ್ 31ಕ್ಕೆ ಬೆಂಗಳೂರಿನಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಮಲ್ಲಿಕಾರ್ಜುನ ಖರ್ಗೆ ತಮ್ಮದೇ ಪಕ್ಷದವರ ಎದುರು, ಬಜೆಟ್ ನೋಡಿಕೊಂಡು ಗ್ಯಾರಂಟಿ ಘೋಷಿಸಬೇಕು ಎಂದು ಬುದ್ಧಿ ಹೇಳಿದರು.

ಪಕ್ಷಗಳ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಯಾವ ಭರವಸೆ ಕೊಡಬಹುದು, ಯಾವುದು ಕೂಡದು ಎಂದು ತೀರ್ಮಾನಿಸುವ ಅಧಿಕಾರವನ್ನು ಆಯೋಗಕ್ಕಾಗಲಿ ನ್ಯಾಯಾಲಯಕ್ಕಾಗಲಿ ಕೊಡುವುದು ಅಪಾಯ. ಹಾಗೊಂದು ಅಧಿಕಾರ ಇದ್ದಿದ್ದರೆ ತಮಿಳುನಾಡಿನ ಮಧ್ಯಾಹ್ನದ ಬಿಸಿಯೂಟವನ್ನೂ ಯಾರೋ ದುಂದುವೆಚ್ಚ ಎಂದು ತಡೆಯುತ್ತಿದ್ದರು. ಕೊಡಿ, ಆದರೆ ಲೆಕ್ಕ ಹೇಳಿ ಕೊಡಿ ಎನ್ನುವುದು ಬೇರೆ ಮಾತು. ವಿರೋಧ ಪಕ್ಷಕ್ಕೆ ಲೆಕ್ಕ ಹಾಕಲು ಸರ್ಕಾರದ ಕಡತ ಸಿಗುವುದಿಲ್ಲ ಎಂಬ ಕಷ್ಟವೂ ನಿಜ. ಆಳುವ ಪಕ್ಷಕ್ಕೆ ಹಣಕಾಸು ಇಲಾಖೆಯೇ ಕೈಯಳತೆಯಲ್ಲಿದೆ. ವಿರೋಧದಲ್ಲಿರುವವರು ಎಸ್ಕಾಂಗಳ ಬಳಕೆಯ ಅಂಕಿಅಂಶ, ಪಡಿತರದ ಪಟ್ಟಿ, ಸಾರಿಗೆ ನಿಗಮಗಳ ಆದಾಯವನ್ನು ಎಲ್ಲೆಲ್ಲೋ ಹೆಕ್ಕಬೇಕು.

ಇದಕ್ಕೆ ಆಸ್ಟ್ರೇಲಿಯಾ 2012ರಲ್ಲಿ ಕಂಡುಕೊಂಡ ದಾರಿ ನಮಗೂ ಹೊಂದುತ್ತದೆ. ಅಲ್ಲಿನ ಸಂಸತ್ತಿಗೆ ಸೇರಿದ ಸ್ವತಂತ್ರ ಬಜೆಟ್ ಕಚೇರಿಯೊಂದಿದೆ. ಆಳುವ ಪಕ್ಷವಾಗಲಿ ವಿರೋಧ ಪಕ್ಷವಾಗಲಿ, ಯಾವ ಸದಸ್ಯರಾದರೂ ತಮ್ಮ ಯೋಜನೆಯನ್ನು ಕೊಟ್ಟರೆ ಅದಕ್ಕೆಷ್ಟು ಖರ್ಚಾಗುತ್ತದೆ ಎಂದು ಗೋಪ್ಯವಾಗಿ ಲೆಕ್ಕ ಹಾಕಿ ಕೊಡುತ್ತದೆ. ಚುನಾವಣೆ ಮುಗಿದ ಮೇಲೆ ದೊಡ್ಡ ಪಕ್ಷಗಳ ಎಲ್ಲ ಭರವಸೆಗಳ ಒಟ್ಟು ಲೆಕ್ಕವನ್ನು ಪ್ರಕಟಿಸುತ್ತದೆ, ಗೆದ್ದವರದ್ದನ್ನೂ ಸೋತವರದ್ದನ್ನೂ. ಕರ್ನಾಟಕದ ವಿಧಾನಮಂಡಲಕ್ಕೆ ಅಂಥ ಕಚೇರಿ ಇಲ್ಲ. ಮಾಡಲು ಸಂವಿಧಾನ ತಿದ್ದಬೇಕಿಲ್ಲ, ನಮ್ಮ ಸದನಗಳೇ ಒಂದು ಮಸೂದೆ ಪಾಸು ಮಾಡಿದರೆ ಸಾಕು. ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಈಗ ಆಡಳಿತದಲ್ಲಿರುವವರು ಅಂದು ವಿರೋಧದಲ್ಲಿರಬಹುದು, ಈಗ ವಿರೋಧದಲ್ಲಿರುವವರು ಅಂದು ಭರವಸೆ ಈಡೇರಿಸುವ ಸಂಕಟದಲ್ಲಿರಬಹುದು. ಆ ಕಚೇರಿ ಇಬ್ಬರಿಗೂ ಬೇಕು. ಪ್ರಣಾಳಿಕೆ ಮತದಾನಕ್ಕೆ ಕನಿಷ್ಠ ಒಂದು ತಿಂಗಳ ಮೊದಲು ಹೊರಬರಬೇಕು ಎಂಬ ನಿಯಮವೂ ಜೊತೆಗೆ ಬಂದರೆ, ಊರೂರಿನ ಅಭ್ಯರ್ಥಿ ಮನೆಬಾಗಿಲಿಗೆ ಬಂದಾಗ ಕರಪತ್ರವನ್ನು ಸುಮ್ಮನೆ ಇಸಿದುಕೊಳ್ಳದೆ, ನಮ್ಮ ಮನೆಗೆ ಇದು ಉಂಟೋ, ಯಾವ ತಿಂಗಳಿಂದ, ಇದಕ್ಕಾಗಿ ಯಾವುದನ್ನು ನಿಲ್ಲಿಸುತ್ತೀರಿ ಎಂದು ಕೇಳಲು ಜನರಿಗೆ ನಾಲ್ಕು ವಾರವಾದರೂ ಸಿಗುತ್ತದೆ.